ಕಟ್ಟಿ ಬೆಳೆಸಿದ ನಾಯಿ ಕಾವಲಿಗೆ ಬರುವುದಿಲ್ಲ

ರಾಟ್‌ವೈಲರ್ ಮರಿ ತಂದವರು ಲಸಿಕೆ ಹಾಕಿಸಲು ಬಂದಾಗ ಎರಡು ಪ್ರಶ್ನೆ ಕೇಳುತ್ತಾರೆ. "ಸರ್, ಈ ಜಾತಿ ಡೇಂಜರ್ ಅಂತಾರಲ್ರಿ, ಖರೇನ್ರಿ?" ಆಮೇಲೆ, "ಎಷ್ಟ್ ತಿಂಗಳಿಗೆ ಚೈನ್ ಹಾಕಬೇಕ್ರಿ?" ಮೊದಲನೆಯದಕ್ಕೆ ಅರ್ಧ ಉತ್ತರ ಎರಡನೆಯದರಲ್ಲೇ ಇದೆ. ಹುಬ್ಬಳ್ಳಿಯಲ್ಲಿ ಕ್ಲಿನಿಕ್ ತೆರೆದಾಗಿನಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ.

ನಮ್ಮ ಕಡೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಹಗಲೆಲ್ಲ ಕಟ್ಟಿಹಾಕಿದರೆ, ಯಾರ ಸಲಿಗೆಯೂ ಬೀಳದಂತೆ ನೋಡಿಕೊಂಡರೆ, ನಾಯಿ ಜೋರಾಗಿ ಕಾವಲು ಕಾಯುತ್ತದಂತೆ. ಕೆಲವರು ಸಿಟ್ಟು ಬರಲಿ ಅಂತ ಖಾರ ಬೇರೆ ತಿನ್ನಿಸುತ್ತಾರೆ. ಖಾರದಿಂದ ಹೊಟ್ಟೆ ಕೆಡುತ್ತದೆ, ಮತ್ತೇನೂ ಆಗುವುದಿಲ್ಲ.

ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ಹೆದರಿದ ನಾಯಿ ಮೊದಲು ದೂರ ಸರಿಯಲು ನೋಡುತ್ತದೆ. ಸರಪಳಿ ಹಾಕಿದ ಕೂಡಲೇ ಆ ದಾರಿ ಮುಚ್ಚಿತು. ಉಳಿದದ್ದು ಮೈಮೇಲೆ ಹೋಗುವುದು. ಗೇಟಿನ ಮುಂದೆ ಹಾಲಿನವನು ಬರುತ್ತಾನೆ, ನಾಯಿ ಬೊಗಳುತ್ತದೆ, ಅವನು ಹಾಲು ಕೊಟ್ಟು ಹೋಗುತ್ತಾನೆ. ಅವನು ಹೋದದ್ದು ಕೆಲಸ ಮುಗಿಯಿತು ಅಂತ. ಆದರೆ ನಾಯಿ ಕಲಿಯುವುದು, ತಾನು ಬೊಗಳಿದ್ದಕ್ಕೇ ಹೋದ ಅಂತ. ಪೇಪರ್ ಹುಡುಗ, ಕೊರಿಯರ್‌ನವರು, ಶಾಲೆ ಮಕ್ಕಳು, ಎಲ್ಲರಿಂದಲೂ ದಿನಾ ಅದೇ ಪಾಠ. ವರ್ಷ ತುಂಬುವುದರೊಳಗೆ ಎದುರಿಗೆ ಬಂದವರೆಲ್ಲ ಓಡಿಸಬೇಕಾದವರೇ ಅಂತ ಅದು ತೀರ್ಮಾನ ಮಾಡಿಬಿಟ್ಟಿರುತ್ತದೆ. ಕಳ್ಳ ಯಾರು, ನಿಮ್ಮ ತಂಗಿಯ ಮಗ ಯಾರು ಅನ್ನುವ ವ್ಯತ್ಯಾಸ ಅದಕ್ಕೆ ಯಾರೂ ಕಲಿಸಿಲ್ಲ. ಇದನ್ನು ಕಾವಲು ಅಂತ ಹೇಗೆ ಕರೆಯುವುದು?

ಕೇಶ್ವಾಪುರದ ಒಂದು ಮನೆಯ ನಾಯಿ ಹತ್ತು ವರ್ಷದ ಹುಡುಗನ ಮುಂಗೈ ಕಚ್ಚಿತ್ತು. ಹುಡುಗನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ನನ್ನನ್ನು ಕರೆಸಿದರು. ಹಿತ್ತಲಿನ ತಗಡಿನ ಕೆಳಗೆ ಕಟ್ಟಿದ್ದರು. ಸರಪಳಿ ಎಷ್ಟು ಉದ್ದ ಇತ್ತೋ ಅಷ್ಟಗಲ ನೆಲ ಒಂದು ಹುಲ್ಲುಕಡ್ಡಿ ಇಲ್ಲದೆ ಬೋಳಾಗಿತ್ತು. ಅಂಚಿನಲ್ಲಿ ಸುತ್ತಿ ಸುತ್ತಿ ಗಾಡಿ ಜಾಡಿನಂಥ ಗುಂಡಿ. ಕೊರಳಿನ ಕೂದಲು ಪಟ್ಟಿ ತಿಕ್ಕಿ ಉದುರಿ, ಚರ್ಮ ಕಪ್ಪಾಗಿ ದಪ್ಪಗಟ್ಟಿತ್ತು. ಹುಡುಗ ಚೆಂಡು ತರಲು ಆ ಗುಂಡಿ ದಾಟಿದ್ದ. "ಜಾತಿನೇ ಹಂಗ್ರಿ ಸರ್" ಅಂದರು ಯಜಮಾನರು. ಅಷ್ಟರಲ್ಲಿ ಅವರ ತಾಯಿ ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ ತಂದರು. ನಾಯಿ ಅಜ್ಜಿಯ ಕಾಲ ಮೇಲೆ ಗದ್ದ ಇಟ್ಟು ಕಾಯುತ್ತಾ ನಿಂತಿತು. ನಾಯಿಯೂ ಅದೇ, ಜಾತಿಯೂ ಅದೇ. ಮನುಷ್ಯರಲ್ಲಿ ಅದಕ್ಕೆ ಪರಿಚಯ ಇದ್ದದ್ದು ಆ ಅಜ್ಜಿ ಒಬ್ಬರೇ.

ಹಾಗಂತ ಜಾತಿ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಲವತ್ತೈದು ಕೆಜಿ ನಾಯಿಯ ಕಡಿತ ಬೇರೆ, ಪೊಮೇರಿಯನ್ ಕಡಿತ ಬೇರೆ. ತಂದೆತಾಯಿಯ ಸ್ವಭಾವವೂ ಮರಿಗೆ ಬರುತ್ತದೆ. ಮೊದಲ ಸಲ ನಾಯಿ ಸಾಕುವವರು ಕಕೇಶಿಯನ್ ಶೆಫರ್ಡ್ ತರುತ್ತೇನೆ ಅಂದರೆ ಬೇಡವೇ ಬೇಡ ಅನ್ನುತ್ತೇನೆ. ಹಿಮದ ಬೆಟ್ಟದಲ್ಲಿ ಕುರಿ ಕಾಯಲು ಬೆಳೆದ ತಳಿ ಅದು, ನಮ್ಮ ಏಪ್ರಿಲ್ ಬಿಸಿಲಿಗಲ್ಲ. ಕೇಂದ್ರದ ಪಶುಸಂಗೋಪನೆ ಇಲಾಖೆ 2024ರ ಮಾರ್ಚ್ 12ರಂದು 23 ತಳಿಗಳನ್ನು ನಿಷೇಧಿಸಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಪಿಟ್‌ಬುಲ್, ರಾಟ್‌ವೈಲರ್, ಕೇನ್ ಕೊರ್ಸೊ ಎಲ್ಲಾ ಅದರಲ್ಲಿದ್ದವು. ನಮ್ಮ ಹೈಕೋರ್ಟು ಏಪ್ರಿಲ್ 10ರಂದು ಅದನ್ನು ರದ್ದು ಮಾಡಿತು. ಆಗ ಕೆಲವರು ಗೆದ್ದೆವು ಅಂತ ಪೇಢೆ ತಂದುಕೊಟ್ಟರು. ಸುತ್ತೋಲೆ ಬಿದ್ದಿರಬಹುದು, ಮಾಲೀಕರ ಹೊಣೆ ಬಿದ್ದಿಲ್ಲ. ಕಾನೂನು ನನ್ನ ಕಸುಬಲ್ಲ, ವಿವರ ವಕೀಲರನ್ನು ಕೇಳಿ. ಆದರೆ ಸಾಕಿದ ಪ್ರಾಣಿಯ ಬಗ್ಗೆ ನಿರ್ಲಕ್ಷ್ಯ ಮಾಡಿ ಜನರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ. ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ತಪ್ಪು.

ಮರಿಗೆ ಮೂರರಿಂದ ಹದಿನಾಲ್ಕು ವಾರದ ನಡುವಿನ ಕಾಲ ಬಹಳ ಮುಖ್ಯ. ಆಗ ನೋಡಿದ ಮಕ್ಕಳು, ಆಟೋ, ಛತ್ರಿ ಹಿಡಿದವರು, ಹೆಲ್ಮೆಟ್ ಹಾಕಿದವರು ಯಾರೂ ಮುಂದೆ ಅದಕ್ಕೆ ಅಷ್ಟಾಗಿ ಭಯ ಹುಟ್ಟಿಸುವುದಿಲ್ಲ. ಲಸಿಕೆ ಪೂರ್ತಿ ಆಗುವ ತನಕ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ತೋರಿಸಿ. ಗುರ್ ಅಂದರೆ ಹೊಡೆಯಬೇಡಿ. ಗುರ್ ಅನ್ನುವುದು ಎಚ್ಚರಿಕೆ. ಅದನ್ನು ಹೊಡೆದು ಬಿಡಿಸಿದರೆ ನಾಯಿ ಹೇಳದೆಯೇ ಕಚ್ಚುತ್ತದೆ.

ಈಗಾಗಲೇ ಎರಡು ವರ್ಷ ಕಟ್ಟಿ ಬೆಳೆಸಿದ್ದೀರಾ? ಈ ಲೇಖನ ಓದಿ ಇವತ್ತೇ ಸರಪಳಿ ಬಿಚ್ಚಿಬಿಡಬೇಡಿ, ಅದು ಇನ್ನೂ ಅಪಾಯ. ಮೊದಲು ವೈದ್ಯರಿಗೆ ತೋರಿಸಿ. ಕಿವಿ ನೋವು, ಸೊಂಟ ನೋವಿದ್ದರೂ ಸಿಟ್ಟು ಜಾಸ್ತಿ ಇರುತ್ತದೆ. ಬಾಯಿಗೆ ಬುಟ್ಟಿಯಂಥ ಮಜಲ್ ಹಾಕುವುದನ್ನು ತಿಂಡಿ ಕೊಟ್ಟು ನಿಧಾನಕ್ಕೆ ರೂಢಿ ಮಾಡಿಸಿ. ಆಮೇಲೆ ಜನ ಇಲ್ಲದ ಹೊತ್ತಿನಲ್ಲಿ, ಗಟ್ಟಿ ಹಗ್ಗ ಹಿಡಿದು, ನಿಮ್ಮದೇ ಕಾಂಪೌಂಡಿನೊಳಗೆ ಬೆಳಿಗ್ಗೆ ಸಂಜೆ ಅಡ್ಡಾಡಿಸಿ. ಹಗ್ಗ ದೊಡ್ಡವರ ಕೈಯಲ್ಲಿರಲಿ, ಮಕ್ಕಳಿಗೆ ಕೊಡಬೇಡಿ. ಎಷ್ಟು ದಿನ ಬೇಕು ಅಂದರೆ ನಾಯಿಯನ್ನು ನೋಡದೆ ಹೇಳಲಾರೆ. ಕೆಲವಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವು ಪೂರ್ತಿ ಸರಿಹೋಗುವುದೂ ಇಲ್ಲ. ಅಂಥವಕ್ಕೆ ಎತ್ತರದ ಬೇಲಿಯ ಅಂಗಳ ಬೇಕು, ನೆಂಟರು ಬಂದಾಗ ಚಿಲಕ ಹಾಕಿದ ಬಾಗಿಲು ಬೇಕು.