ಕಾಂಡ್ಲಾ ಸಾಲಿನ ಹಿಂದಿನ ಒಡ್ಡು: ಅಘನಾಶಿನಿಯ ಗಜನಿಗಳ ಕಥೆ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್‌ನಲ್ಲಿ ಹೋದವರಿಗೆ ಇದು ಯಾರೂ ಕೈಯಿಡದ ಕಾಡು ಅನ್ನಿಸುವುದುಂಟು. ಆದರೆ ಹಲವು ಕಡೆ ಗಿಡಗಳ ಸಾಲಿನ ಹಿಂದೆಯೇ ಕಲ್ಲು ಕಟ್ಟಿದ ಒಡ್ಡು ಇದೆ, ಅದರಾಚೆ ಗಜನಿ, ಅಂದರೆ ಉಪ್ಪುನೀರಿನ ಗದ್ದೆ. ಕವಲು ಬಳುಕುತ್ತ ಸಾಗಿದರೆ ನೀರೇ ಮಾಡಿಕೊಂಡ ದಾರಿ. ದಡ ಗೆರೆ ಎಳೆದಂತೆ ನೇರವಾಗಿದ್ದರೆ ಮನುಷ್ಯರ ಕೆಲಸ ಎಂದು ತಿಳಿಯಬಹುದು.

ಶಿರಸಿ ಸೀಮೆಯಲ್ಲಿ ಹುಟ್ಟುವ ನದಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಕಡಲು ಸೇರುತ್ತದೆ. ಮೇಲೆ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಅಳಿವೆಯ ನೀರು ಬಹುಪಾಲು ಸಿಹಿ, ಬೇಸಿಗೆಯಲ್ಲಿ ಉಪ್ಪು. ಗಜನಿ ಬೇಸಾಯ ನಿಂತಿದ್ದೇ ಈ ಬದಲಾವಣೆಯ ಮೇಲೆ.

ಹಳೆಯ ಒಡ್ಡುಗಳು ಮಣ್ಣಿನವು. ಪ್ರತಿ ವರ್ಷ ಮಳೆಗೆ ಮುಂಚೆ ಊರವರೇ ಸೇರಿ ಕೆಸರು ಮೆತ್ತಿ ರಿಪೇರಿ ಮಾಡುತ್ತಿದ್ದರು. ನೀರು ಒಳಹೊರಗೆ ಹೋಗಲು ಮರದ ಹಲಗೆಗಳ ಬಾಗಿಲು. ಊರವರ ಮಾತಿನಲ್ಲಿ ಜಂತ್ರಡಿ. ಬೆಳೆ ಇರುವಾಗ ಭರತ, ಅಂದರೆ ಕಡಲಿನ ಉಬ್ಬರ, ಏರುವ ಹೊತ್ತಿಗೆ ಹಲಗೆ ಇಳಿಸಿ ಕಡಲ ನೀರನ್ನು ತಡೆಯಬೇಕು, ಇಳಿತದಲ್ಲಿ ತೆಗೆದು ಗದ್ದೆಯ ನೀರನ್ನು ಹೊರಬಿಡಬೇಕು. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಕಗ್ಗದ ಪೈರು ಎತ್ತರ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಕೊಯ್ಲು ಮುಗಿದ ಮೇಲೆ ಜಂತ್ರಡಿಯ ಕೆಲಸ ಉಲ್ಟಾ: ಭರತದಲ್ಲಿ ಬಾಗಿಲು ತೆರೆದು ಸಿಗಡಿ, ಮೀನುಮರಿಗಳನ್ನು ಒಳಗೆ ಬಿಟ್ಟುಕೊಂಡು, ಇಳಿತದ ಹೊತ್ತಿಗೆ ಬಾಯಿಗೆ ಬಲೆ ಕಟ್ಟಿ ಹಿಡಿಯುವುದು.

1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ (ಉಪ್ಪು ನೆಲ) ಯೋಜನೆಯಡಿ ಶಾಶ್ವತ ಕಲ್ಲಿನ ಒಡ್ಡುಗಳನ್ನು ಕಟ್ಟಿಸಿತು. ವರ್ಷ ವರ್ಷ ಮಣ್ಣು ಹೊರುವ ಕಷ್ಟ ತಪ್ಪಿತು, ನಿಜ. ಆದರೆ ಒಡ್ಡಿನ ಒಳಗೆ ಸಿಕ್ಕಿಕೊಂಡ ಕಾಂಡ್ಲಾಕ್ಕೆ ದಿನಕ್ಕೆರಡು ಸಲ ಬರುತ್ತಿದ್ದ ಭರತ ನಿಂತಿತು, ಗಿಡಗಳು ಸತ್ತವು. ಒಡ್ಡು ಸರ್ಕಾರದ್ದಾದ ಮೇಲೆ ಊರು ಸೇರುವ ಅಗತ್ಯವೂ ಹೋಯಿತು. ನಮ್ಮ ಅಭಿಪ್ರಾಯದಲ್ಲಿ ದೊಡ್ಡ ನಷ್ಟ ಇದೇ. ಕಲ್ಲಿನ ಒಡ್ಡೂ ಕುಸಿಯುತ್ತದೆ, ಹಲಗೆಯೂ ಸೋರುತ್ತದೆ. ಆಗ ಅರ್ಜಿ ಹಿಡಿದು ಕಾಯುವುದಷ್ಟೇ ಉಳಿಯಿತು. ಜೂನ್‌ನಲ್ಲಿ ಉಪ್ಪುನೀರು ನುಸುಳಿದರೆ ಆ ವರ್ಷದ ಮೊಳಕೆ ಮುಗಿದಂತೆ.

ಮೇಲಿಂದ ಸಿಗಡಿಗೆ ರೇಟು ಬಂತು. ಭತ್ತಕ್ಕಿಂತ ಬಲೆ ಹೆಚ್ಚು ದುಡ್ಡು ತರುವಾಗ ಜಂತ್ರಡಿ ತೆರೆದೇ ಇರುತ್ತದೆ, ಉಪ್ಪು ಗದ್ದೆಯಲ್ಲೇ ಕೂರುತ್ತದೆ. 1990ರ ದಶಕದಲ್ಲಿ ಸಿಗಡಿ ಸಾಕಣೆಯ ಭರಾಟೆಗೆ ಬಿಳಿಚುಕ್ಕೆ ರೋಗ ಬಡಿಯಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಹೊಂಡಗಳಿಗೆ ಕಡಿವಾಣ ಹಾಕಿತು. ಬೀಳುಬಿದ್ದ ಗಜನಿಗಳಿಗೆಲ್ಲ ಕಗ್ಗ ಮರಳಲಿಲ್ಲ. ಒಡ್ಡು ಒಡೆದು ಭರತ ಮತ್ತೆ ಹೊಕ್ಕ ಕಡೆ ಕಾಂಡ್ಲಾ ತಾನೇ ಬಂತು, ದಡಗಳಲ್ಲಿ ಅರಣ್ಯ ಇಲಾಖೆಯೂ ನೆಟ್ಟಿತು. ತದಡಿಗೆಂದು ಹೇಳಿದ್ದ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಜನರ ವಿರೋಧದಿಂದ ಬರಲಿಲ್ಲ. 2024ರ ಜನವರಿಯಲ್ಲಿ ಅಳಿವೆಯ 4,801 ಹೆಕ್ಟೇರ್ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು.

ದೋಣಿಯವರಿಗೆ ಈ ಇತಿಹಾಸ ಲೆಕ್ಕಕ್ಕೆ ಬರುವುದು ನೀರಿನ ಹೊತ್ತಿನಲ್ಲಿ. ಭರತದಿಂದ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ, ಆದ್ದರಿಂದ ವೇಳೆ ದಿನಕ್ಕೆ 50 ನಿಮಿಷದಷ್ಟು ಮುಂದೆ ಹೋಗುತ್ತದೆ. ಕಾರವಾರದ ಭರತದ ಪಟ್ಟಿ ನೋಡಿದರೆ ಅಳಿವೆಯ ಬಾಯಿಗೆ ಅಂದಾಜು ಸಿಗುತ್ತದೆ. ಮೇಲೆ ಮಿರ್ಜಾನ ಕಡೆಗೆ ಹೋದಷ್ಟೂ ತಡ. ಸಣ್ಣ ಕವಲಿಗೆ ಭರತದ ತುದಿಗೆ ಎರಡು ಗಂಟೆ ಮೊದಲು ಹೊಕ್ಕು, ನೀರು ತಿರುಗಿದ ಕೂಡಲೇ ಹೊರಟುಬಿಡಬೇಕು. ತಡಮಾಡಿದರೆ ದೋಣಿ ಕೆಸರಲ್ಲಿ ಕೂರುತ್ತದೆ; ಇಳಿದು ತಳ್ಳಲು ಹೋದವರ ಕಾಲು ಹೂತುಹೋಗುತ್ತದೆ, ಬೇರಿಗೆ ಅಂಟಿದ ಚಿಪ್ಪು ಚರ್ಮವನ್ನೂ ಗಾಳಿ ತುಂಬಿದ ಕಯಾಕನ್ನೂ ಸೀಳುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದುರಾಗುವುದರಿಂದ ಬಾಯಿಯ ಕಡೆಗೆ ಮರಳುವುದು ಕಷ್ಟ. ಬೆಳಗಿನ ಭರತವೇ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಯುವ ಮಾತೇ ಬೇಡ.

ಎಲ್ಲಕ್ಕಿಂತ ಅಪಾಯದ ಜಾಗ ತೆರೆದ ಜಂತ್ರಡಿ. ಭರತ ಏರುವಾಗ ಇಡೀ ಗಜನಿ ತುಂಬುವ ನೀರು ಆ ಕಿರಿದಾದ ಬಾಯಲ್ಲಿ ಒಳಗೆ ನುಗ್ಗುತ್ತದೆ. ಹತ್ತಿರ ಹೋದ ಕಯಾಕ್ ಅಡ್ಡತಿರುಗಿ ಕಂಬಕ್ಕೆ ಒತ್ತಿಕೊಂಡರೆ ಮಗುಚುತ್ತದೆ. ಇಳಿತದಲ್ಲಿ ಅದೇ ನೀರು ಹೊರಗೆ ರಭಸವಾಗಿ ಬೀಳುತ್ತದೆ, ಬಾಯಿಗೆ ಬಲೆಯೂ ಕಟ್ಟಿರುತ್ತದೆ. ಆಚೆ ದಡ ಹಿಡಿದು ದಾಟುವುದೇ ಸರಿ.