ರೀಲ್ಸ್‌ನಲ್ಲಿ ಸಿಗರೇಟು: ಕೋಟ್ಪಾ ಸೆಕ್ಷನ್ 5 ಓದುವಾಗ

ಕೋಟ್ಪಾ, ಅಂದರೆ ಸಿಗರೇಟು ಮತ್ತಿತರ ತಂಬಾಕು ಉತ್ಪನ್ನಗಳ ಕಾಯ್ದೆ, ಕೈಗೆ ಬಂದರೆ ಎಲ್ಲರೂ ನೇರವಾಗಿ ಜಾಹೀರಾತು ನಿಷೇಧಿಸುವ ಸೆಕ್ಷನ್ 5ಕ್ಕೆ ಹೋಗುತ್ತೇವೆ. ಸ್ವಲ್ಪ ತಡೀರಿ. ಮೊದಲು ಸೆಕ್ಷನ್ 3ರಲ್ಲಿ 'ಜಾಹೀರಾತು' ಅಂದರೆ ಏನು ಅಂತ ನೋಡಿ. ನೋಟಿಸು, ಲೇಬಲ್ಲು, ಸುತ್ತೋ ಕಾಗದ ಇದ್ದೇ ಇವೆ. ಬಾಯಲ್ಲಿ ಹೇಳಿದ್ದೂ ಸೇರಿತು. ಬೆಳಕು, ಸದ್ದು, ಹೊಗೆ, ಗ್ಯಾಸ್ ಮೂಲಕ ಸಾರಿದ್ದೂ ಸೇರಿತು. ಹೊಗೆ ಅಂತ ಬೇರೆ ಬರೆದಿದ್ದಾರೆ ನೋಡಿ! ಕಾಯ್ದೆ ಬಂದದ್ದು 2003ರಲ್ಲಿ, ಆಗ ಇನ್‌ಸ್ಟಾಗ್ರಾಮ್ ಹುಟ್ಟೇ ಇರಲಿಲ್ಲ. ಆದರೆ ರೀಲ್ ಅಂದರೂ ಬೆಳಕು, ಸದ್ದು ತಾನೇ?

ಈಗ ಸೆಕ್ಷನ್ 5. ಸಿಕ್ಕಿಬೀಳುವವರು ಮೂರು ಥರ: ಮಾಲು ತಯಾರಿಸಿ ಹಂಚುವವರು, ಮಾಧ್ಯಮ ಕೈಯಲ್ಲಿಟ್ಟುಕೊಂಡವರು, ಜಾಹೀರಾತಿನಲ್ಲಿ ಪಾಲ್ಗೊಂಡವರು. ಇನ್‌ಫ್ಲುಯೆನ್ಸರ್ ಬರುವುದು ಮೂರನೆಯ ಸಾಲಿಗೆ. "ದುಡ್ಡು ಪಡೆದು ಮಾಡಿದ್ದು ಅಂತ ತಿಳಿಸೋ 'ಪೇಯ್ಡ್ ಪಾರ್ಟ್‌ನರ್‌ಶಿಪ್' ಲೇಬಲ್ ಹಾಕಿದರೆ ಸಾಕಲ್ವಾ?" ಅಂತ ಕೇಳಬಹುದು. ಸಾಲದು. ಸೋಪಿಗೋ ಶೂಗೋ ಆದರೆ ಆ ಮಾತು ಸರಿ. ತಂಬಾಕಿನ ವಿಷಯದಲ್ಲಿ ಅದು ತನ್ನ ಕೈಯಾರೆ ಬರೆದುಕೊಟ್ಟ ತಪ್ಪೊಪ್ಪಿಗೆ.

ಇಲ್ಲಿ ಮುಖ್ಯವಾದದ್ದು ಇದೇ ಕಾಯ್ದೆಯಡಿ ಬಂದ 2005ರ ನಿಯಮಗಳು. 'ಪರೋಕ್ಷ ಜಾಹೀರಾತು' ಏನು ಅಂತ ಬಿಡಿಸಿ ಹೇಳಿರುವುದು ಅಲ್ಲೇ. ತಂಬಾಕಿನ ಹೆಸರಲ್ಲಿ ಬೇರೆ ಮಾಲು ಮಾರುವಂತಿಲ್ಲ. ಹೆಸರು ಬಿಡಿ, ಆ ಪ್ಯಾಕೆಟ್ಟಿನ ಬಣ್ಣ, ವಿನ್ಯಾಸ ತೋರಿಸಿದರೂ ಸಾಕು, ಸಿಕ್ಕಿಬಿದ್ದ ಹಾಗೇ. ತಂಬಾಕು ಬ್ರ್ಯಾಂಡಿನ ಹೆಸರಲ್ಲೇ ಬರುವ ಏಲಕ್ಕಿ ಜಾಹೀರಾತು ನೋಡಿದಾಗಲೆಲ್ಲ ನನಗೆ ಈ ಸಾಲು ನೆನಪಾಗುತ್ತದೆ. ಇನ್ನೊಂದು ಅಂಶವನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಬೇರೆ ಮಾಲಿನ ಜಾಹೀರಾತಿನಲ್ಲಿ ಸಿಗರೇಟು ಸೇದುವ ದೃಶ್ಯವೂ ಪರೋಕ್ಷ ಜಾಹೀರಾತೇ. ಒಂದು ಜೀನ್ಸ್ ಅಂಗಡಿಯ ರೀಲ್ ಅಂದುಕೊಳ್ಳಿ. ಹುಡುಗ ಬೈಕಿಗೆ ಒರಗಿ, ಪ್ಯಾಂಟ್ ತೋರಿಸುತ್ತಾ, ಸುಮ್ನೆ ಸ್ಟೈಲಿಗೆ ಅಂತ ಒಂದು ದಮ್ ಎಳೆಯುತ್ತಾನೆ. ಸಿಗರೇಟ್ ಕಂಪನಿ ಒಂದು ಪೈಸೆ ಕೊಟ್ಟಿಲ್ಲ. ಆದರೂ ನಿಯಮದೊಳಗೆ ಬಂತು.

ವಿನಾಯಿತಿ ಎರಡೇ: ಪ್ಯಾಕಿನ ಮೇಲೆ, ಮಾರುವ ಅಂಗಡಿಯಲ್ಲಿ. ಅಂಗಡಿ ಬೋರ್ಡಿಗೂ 60 ಸೆಂ.ಮೀ. × 45 ಸೆಂ.ಮೀ. ಮಿತಿ ಇದೆ. ಇ-ಸಿಗರೇಟು ಈ ಲೆಕ್ಕಕ್ಕೆ ಬರಲ್ಲ. ಅದಕ್ಕೆ 2019ರ ಬೇರೆ ಕಾಯ್ದೆ ಇದೆ. ಮಾರಾಟವೂ ಬಂದ್, ಜಾಹೀರಾತೂ ಬಂದ್.

ಶಿಕ್ಷೆ ಸೆಕ್ಷನ್ 22ರಲ್ಲಿದೆ. ಮೊದಲ ಸಲ 2 ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 5 ವರ್ಷದವರೆಗೆ ಜೈಲು, ಜೊತೆಗೆ 5,000ದವರೆಗೆ ದಂಡ. ಜೈಲಿನ ಮಾತು ಹಾಗಿರಲಿ, ಆ ಸಾವಿರ ರೂಪಾಯಿ ಮಾತ್ರ 2003ರಲ್ಲೇ ನಿಂತುಬಿಟ್ಟಿದೆ. ಒಂದು ರೀಲಿಗೆ ಬರುವ ದುಡ್ಡಿನ ಮುಂದೆ ಅದು ಟೀ ಖರ್ಚು.