ಫುಟ್‌ಪಾತ್ ಅಗಲ ಮಾಡಿದರೆ ಟ್ರಾಫಿಕ್ ಜಾಸ್ತಿ ಆಗುತ್ತಾ?

ಓದುಗರ ಪ್ರಶ್ನೆ: ನಮ್ಮ ವಾರ್ಡ್ ಸಮಿತಿ ಸಭೆಯಲ್ಲಿ ಕೆಲವರು ಫುಟ್‌ಪಾತ್‌ಗೆ ದುಡ್ಡು ಇಡಲೇಬೇಕು ಅಂತ ಪಟ್ಟು ಹಿಡಿದಿದ್ದಾರೆ. ಸಮಿತಿಗೆ ಆ ಅಧಿಕಾರ ಇದೆಯಾ? ಇದ್ದರೂ, ಮೊದಲೇ ಚಿಕ್ಕ ರಸ್ತೆ. ಇನ್ನೂ ಚಿಕ್ಕದಾಗಿ ಟ್ರಾಫಿಕ್ ಜಾಸ್ತಿ ಆಗಲ್ವಾ?

ಉತ್ತರ: ಬೆಂಗಳೂರಿನ ಯಾವ ಮೂಲೆಯಿಂದ ಪತ್ರ ಬಂದರೂ ಇದೇ ಪ್ರಶ್ನೆ. ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಅಧಿಕಾರದ ವಿಷಯ ಸುಲಭ. ಯಾವ ಕೆಲಸ ಮೊದಲು, ಎಲ್ಲಿ ಆಗಬೇಕು ಅಂತ ಹೇಳುವುದು ವಾರ್ಡ್ ಸಮಿತಿ. ಟೆಂಡರ್ ಕರೆಯುವುದು, ಬಿಲ್ ಪಾಸು ಮಾಡುವುದು ಪಾಲಿಕೆ. 2021–22ರ ಬಿಬಿಎಂಪಿ ಬಜೆಟ್‌ನಲ್ಲಿ ಪ್ರತಿ ವಾರ್ಡಿಗೆ 60 ಲಕ್ಷ ಇಟ್ಟಿದ್ದರು. ಫುಟ್‌ಪಾತ್, ರಸ್ತೆ ಗುಂಡಿ, ಬೋರ್‌ವೆಲ್‌ಗೆ ತಲಾ 20 ಲಕ್ಷ. 198 ವಾರ್ಡ್‌ಗೆ ಒಟ್ಟು 118.8 ಕೋಟಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಹೊಸ ಕಾನೂನಿನಲ್ಲೂ ವಾರ್ಡ್ ಸಮಿತಿ ಉಳಿದಿದೆ. ಸಭೆಯಲ್ಲಿ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ನಡಾವಳಿಯಲ್ಲಿ ಬರೆಸಿ.

ಇನ್ನು ಟ್ರಾಫಿಕ್. ಒಳ್ಳೊಳ್ಳೆ ಫುಟ್‌ಪಾತ್ ಯೋಜನೆಗಳು ಸಭೆಯಲ್ಲೇ ಸಾಯುವುದು ಈ ಒಂದು ಭಯದಿಂದ. ಆ ಭಯಕ್ಕೆ ಬುಡವೇ ಇಲ್ಲ.

ನಿಮ್ಮ ರಸ್ತೆಯನ್ನು ಒಮ್ಮೆ ಟೇಪ್ ಹಿಡಿದು ಅಳೆಯಿರಿ. ಒಂದು ಕಡೆ 9 ಮೀಟರ್ ಇರುತ್ತದೆ. ನೂರು ಹೆಜ್ಜೆ ಮುಂದೆ ಹೋದರೆ ಟ್ರಾನ್ಸ್‌ಫಾರ್ಮರ್ ಪಕ್ಕ 7 ಮೀಟರ್‌ಗೆ ಇಳಿದಿರುತ್ತದೆ. ಕಾರು, ಬಸ್ಸು ಹೋಗುವ ಒಂದು ಲೇನ್‌ಗೆ ಸುಮಾರು 3.5 ಮೀಟರ್ ಬೇಕು. ಅಂದರೆ 7 ಮೀಟರ್‌ನಲ್ಲಿ ಎರಡು ಲೇನ್. 9 ಮೀಟರ್‌ನಲ್ಲಿ? ಅಲ್ಲೂ ಎರಡೇ. ಉಳಿದ 2 ಮೀಟರ್‌ನಲ್ಲಿ ಯಾರದ್ದೋ ಕಾರು ದಿನವಿಡೀ ನಿಂತಿರುತ್ತದೆ. ಇಲ್ಲದಿದ್ದರೆ ಬೈಕ್‌ಗಳು ಅಲ್ಲಿ ನುಗ್ಗಿ, ಟ್ರಾನ್ಸ್‌ಫಾರ್ಮರ್ ಹತ್ತಿರ ಮತ್ತೆ ಒಳಗೆ ತೂರಲು ಒದ್ದಾಡುತ್ತವೆ. ಜಾಮ್ ಶುರುವಾಗುವುದೇ ಅಲ್ಲಿ. ಲಾಳಿಕೆಯ ಬಾಯಿ ಎಷ್ಟೇ ಅಗಲ ಇದ್ದರೂ ಎಣ್ಣೆ ಇಳಿಯುವುದು ಕೆಳಗಿನ ತೂತಿನಷ್ಟೇ ಅಲ್ವಾ?

ಆ ಹೆಚ್ಚುವರಿ 2 ಮೀಟರ್ ಫುಟ್‌ಪಾತ್‌ಗೆ ಕೊಟ್ಟರೆ ವಾಹನಗಳು ಕಳೆದುಕೊಳ್ಳುವುದು ಏನೂ ಇಲ್ಲ. ರಸ್ತೆ ಉದ್ದಕ್ಕೂ ಒಂದೇ ಅಗಲ ಸಿಗುತ್ತದೆ, ಓಟ ಸರಾಗವಾಗುತ್ತದೆ. ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ ಟೆಂಡರ್‌ಶ್ಯೂರ್ (ರಸ್ತೆ, ಫುಟ್‌ಪಾತ್, ಪೈಪು, ಕೇಬಲ್ ಎಲ್ಲ ಒಟ್ಟಿಗೆ ಹೊಸದಾಗಿ ಮಾಡುವ ಯೋಜನೆ) ಕೆಲಸ ಮಾಡಿದ್ದು ಇದೇ ಲೆಕ್ಕದಲ್ಲಿ. ವಾಹನಕ್ಕೆ ಒಂದೇ ಅಗಲದ ದಾರಿ, ಮಿಕ್ಕ ಜಾಗ ನಡೆಯುವವರಿಗೆ.

ಇನ್ನೊಂದು ಮಾತು. ಫುಟ್‌ಪಾತ್ ಇಲ್ಲದಿದ್ದರೆ ಜನ ನಡೆಯುವುದನ್ನು ಬಿಡುತ್ತಾರಾ? ಬೆಳಿಗ್ಗೆ ಹಾಲಿನ ಬೂತ್ ಹತ್ತಿರ ನಿಂತು ನೋಡಿ. ಮಂಡಿ ನೋವಿನ ಅಜ್ಜಿಯೊಬ್ಬರು ಒಂದಡಿ ಎತ್ತರದ ಚಪ್ಪಡಿ ಹತ್ತುತ್ತಾರೆ. ಎರಡು ಮನೆ ದಾಟುವಷ್ಟರಲ್ಲಿ ಗೇಟಿನ ರ‍್ಯಾಂಪ್ ಬಂತು, ಇಳಿಯಬೇಕು. ಮತ್ತೆ ಹತ್ತಬೇಕು. ಮೂರನೇ ಗೇಟಿಗೆ ಸಾಕಾಗಿ ರಸ್ತೆಗೇ ಇಳಿಯುತ್ತಾರೆ. ಅವರ ಹಿಂದೆ ಆಟೋ, ಆಟೋ ಹಿಂದೆ ಶಾಲೆ ವ್ಯಾನು, ಹಾರ್ನ್ ಮೇಲೆ ಹಾರ್ನ್. ಟ್ರಾಫಿಕ್ ನಿಧಾನವಾಗಿದ್ದು ಫುಟ್‌ಪಾತ್ ಕೆಟ್ಟದಾಗಿದ್ದಕ್ಕೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್ ಎತ್ತರ 150 ಮಿಲಿಮೀಟರ್ ಮೀರಬಾರದು, ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಕಂಬ, ಬಾಕ್ಸ್ ಎಲ್ಲ ಕಳೆದ ಮೇಲೆ ಉಳಿಯುವ ಅಗಲ ಅದು. ಅಷ್ಟಿದ್ದರೆ ಎರಡು ಗಾಲಿಕುರ್ಚಿಗಳು ಎದುರುಬದುರಾದರೂ ದಾಟಬಹುದು. ಅಡೆತಡೆಯಿಲ್ಲದ ಫುಟ್‌ಪಾತ್ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ.

ಹಾಗಾಗಿ ಸಿಕ್ಕ ಹಣವನ್ನು ಹತ್ತು ರಸ್ತೆಗೆ ಎರಡೆರಡು ಲಕ್ಷದಂತೆ ಹಂಚಬೇಡಿ. ಎಲ್ಲರಿಗೂ ನಾಲ್ಕು ಚಪ್ಪಡಿ ಸಿಗುತ್ತದೆ, ಯಾರಿಗೂ ದಾರಿ ಸಿಗಲ್ಲ. ಶಾಲೆಯಿಂದ ಬಸ್ ಸ್ಟಾಪ್‌ವರೆಗೆ ಎಲ್ಲೂ ತುಂಡಾಗದ ಒಂದೇ ದಾರಿ ಆರಿಸಿ. ಅದು ನಿಮ್ಮ ಮನೆ ಮುಂದೆ ಹಾದುಹೋಗದಿದ್ದರೂ ಒಪ್ಪಿಕೊಳ್ಳಿ.

ನೀವು ಕೇಳದಿದ್ದರೂ ಮರಗಳ ವಿಷಯ ಹೇಳಲೇಬೇಕು. ಹೊಸ ಫುಟ್‌ಪಾತ್ ಹಾಕುವಾಗ ಹೊಂಗೆ ಮರದ ಕಾಂಡದವರೆಗೂ ಕಾಂಕ್ರೀಟ್ ಸುರಿಯುತ್ತಾರೆ. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಆಮೇಲೆ ಮಳೆಗಾಲದಲ್ಲಿ ಮರ ಉರುಳಿತು ಅಂತ ಮರವನ್ನೇ ಬೈಯುತ್ತೇವೆ. ದೆಹಲಿಯ ಮರಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಕಾಂಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದು ಅಂತ ಆದೇಶಿಸಿತ್ತು. ಬೇರು ಚಪ್ಪಡಿ ಎತ್ತಿದ್ದರೆ ಬೇರು ಕಡಿಸಬೇಡಿ. ಆ ಚಪ್ಪಡಿ ತೆಗೆಸಿ, ದಾರಿಯನ್ನು ಸ್ವಲ್ಪ ಬಳಸಿ ಹೋಗುವಂತೆ ಮಾಡಿಸಿ. ಮರದ ಪಾತಿಗಳ ಖರ್ಚು ಎಸ್ಟಿಮೇಟ್‌ನಲ್ಲಿ ಸೇರಿದೆಯಾ ಅಂತ ಟೆಂಡರ್ ಕರೆಯುವ ಮುಂಚೆಯೇ ಇಂಜಿನಿಯರ್ ಹತ್ತಿರ ಕೇಳಿ. ಕೆಲಸ ಶುರುವಾದ ಮೇಲೆ ಕೇಳಿದರೆ ಅದಕ್ಕೆ ಹಣವೇ ಇಟ್ಟಿಲ್ಲ ಅನ್ನುತ್ತಾರೆ.